ರಣರಂಗದ ಧ್ವಜ: ರೋಮನರ ಹದ್ದು, ಚಾಲುಕ್ಯರ ಪಾಳಿಧ್ವಜ

ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಮೂರು ಜೈನ ಬಸದಿಗಳಿವೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ಕೈಸೇರುವ ವೇಳೆಗೆ ದೊರೆ ವಿಷ್ಣುವರ್ಧನನು ಯುದ್ಧದಲ್ಲಿ ಗೆದ್ದಿದ್ದನು. ಅವನಿಗೆ ಮಗನೂ ಹುಟ್ಟಿದ್ದನು. ಆದ್ದರಿಂದ ದೇವರಿಗೆ ವಿಜಯಪಾರ್ಶ್ವ ಎಂಬ ಹೆಸರಾಯಿತೆಂದು ಶಾಸನ ತಿಳಿಸುತ್ತದೆ. ಗೆಲುವನ್ನು ಹೀಗೆ ಹೆಸರಿನಲ್ಲಿ ಉಳಿಸಿದಂತೆ ಧ್ವಜದಲ್ಲಿ ಉಳಿಸುವ ರೂಢಿಯೂ ಇತ್ತು.

ಧ್ವಜವು ಬರಿಯ ಅಲಂಕಾರವಲ್ಲ. ಧೂಳು, ಗದ್ದಲಗಳ ನಡುವೆ ಸೇನಾಪತಿಯ ಮಾತು ಸೈನಿಕರಿಗೆ ಕೇಳಿಸದು. ಎತ್ತರದ ಕೋಲಿನ ಮೇಲಿನ ಗುರುತು ಮಾತ್ರ ದೂರಕ್ಕೆ ಕಾಣುತ್ತದೆ. ರೋಮನ್ ಸೇನೆಯಲ್ಲಿ ಕೊಂಬು ಊದಿ ಗಮನ ಸೆಳೆದು, ಧ್ವಜ ಚಲಿಸಿದ ಕಡೆಗೆ ತುಕಡಿ ಚಲಿಸುತ್ತಿತ್ತು. ಪ್ರತಿ ಲೀಜನ್‌ಗೂ ಒಂದು ಲೋಹದ ಹದ್ದು ಇರುತ್ತಿತ್ತು. ಅದನ್ನು ಹೊರುವವನು ಅಕ್ವಿಲಿಫರ್. ತುಕಡಿಯ ಧ್ವಜ ಹೊರುವವನು ಸಿಗ್ನಿಫರ್. ಸೈನಿಕರ ಉಳಿತಾಯದ ಹಣದ ಲೆಕ್ಕವೂ ಸಿಗ್ನಿಫರನದೇ. ಕ್ರಿ.ಪೂ. 53ರಲ್ಲಿ ಪಾರ್ಥಿಯನರ ವಶವಾದ ಧ್ವಜಗಳನ್ನು ಆಗಸ್ಟಸ್ ಕ್ರಿ.ಪೂ. 20ರಲ್ಲಿ ಸಂಧಾನದಿಂದ ಮರಳಿ ಪಡೆದು, ಆ ಸಂಗತಿಯನ್ನು ನಾಣ್ಯಗಳಲ್ಲಿ ಮುದ್ರಿಸಿದನು.

ನಮ್ಮ ನಾಡಿನ ಉದಾಹರಣೆ ಬಾದಾಮಿ ಚಾಲುಕ್ಯರದು. ವಿನಯಾದಿತ್ಯನ (681–696) ಕಾಲದ ಉತ್ತರದ ದಂಡಯಾತ್ರೆಯಲ್ಲಿ ಮಗ ವಿಜಯಾದಿತ್ಯನು ಪಾಳಿಧ್ವಜವನ್ನೂ ಢಕ್ಕೆ ಎಂಬ ವಾದ್ಯವನ್ನೂ ಗೆದ್ದು ತಂದೆಗೆ ಒಪ್ಪಿಸಿದನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. ಒಂದು ಕಣ್ಣಿಗೆ ಸಂಕೇತ, ಇನ್ನೊಂದು ಕಿವಿಗೆ. ಪಾಳಿಧ್ವಜ ಒಂದೇ ಬಾವುಟವಲ್ಲ, ಬಾವುಟಗಳ ಸಾಲು. ಇದರ ವಿವರ ಸಿಗುವುದು ಜಿನಸೇನಾಚಾರ್ಯರ ಆದಿಪುರಾಣದಲ್ಲಿ: ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂಬ 10 ಗುರುತುಗಳು, ಒಂದೊಂದು ದಿಕ್ಕಿಗೆ ಪ್ರತಿ ಗುರುತಿನವು 108. ಅಂದರೆ ದಿಕ್ಕಿಗೆ 1080, ನಾಲ್ಕು ದಿಕ್ಕಿಗೆ 4320. ಇದು ಪುರಾಣದ ಲೆಕ್ಕ; ರಣರಂಗದಲ್ಲಿ ಅಷ್ಟು ಧ್ವಜಗಳಿದ್ದವೆಂದು ತಿಳಿಯಬಾರದು.

ಧ್ವಜ ಬೇರೆ, ಲಾಂಛನ ಬೇರೆ ಎಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ತಾಮ್ರಶಾಸನದ ಮುದ್ರೆಯಲ್ಲಿರುವುದು ಲಾಂಛನ. ಚಾಲುಕ್ಯರ ಲಾಂಛನ ವರಾಹ, ಧ್ವಜ ಪಾಳಿಧ್ವಜ. ಕದಂಬರ ಲಾಂಛನ ಸಿಂಹ, ಧ್ವಜ ವಾನರ.

ಒಂದು ವ್ಯತ್ಯಾಸ ಮಾತ್ರ ಮನಸ್ಸನ್ನು ಕಾಡುತ್ತದೆ. ಹದ್ದನ್ನು ಹೊತ್ತ ಗ್ನೇಯಸ್ ಮೂಸಿಯಸ್ ಎಂಬ ಸೈನಿಕನ ಸಮಾಧಿಶಿಲೆ ಜರ್ಮನಿಯ ಮೈಂಜ್‌ನಲ್ಲಿ ದೊರೆತಿದೆ. ಅವನು 32ನೇ ವಯಸ್ಸಿನಲ್ಲಿ ಸತ್ತನೆಂದು ಅದು ಹೇಳುತ್ತದೆ. ಪಾಳಿಧ್ವಜದ ಶಾಸನಗಳು ಹೊಗಳುವುದು ಗೆದ್ದ ಅರಸರನ್ನು. ಕೋಲು ಹಿಡಿದು ಮುಂದೆ ನಡೆದವನ ಹೆಸರು ಅವುಗಳಲ್ಲಿಲ್ಲ. ಹಳೇಬೀಡಿಗೆ ಪ್ರವಾಸ ಹೋದಾಗ ಹೊಯ್ಸಳೇಶ್ವರ ದೇವಾಲಯದ ಯುದ್ಧದೃಶ್ಯಗಳ ಮುಂದೆ ನಿಂತು, ಧ್ವಜ ಹಿಡಿದವರು ಕಾಣುತ್ತಾರೆಯೇ ಎಂದು ವಿದ್ಯಾರ್ಥಿಗಳಿಂದ ಹುಡುಕಿಸಬಹುದು.