ಕಡಿಮೆ ದುಡ್ಡಿನ ಕುಂಗ್ ಫೂ ಮತ್ತು ಮೂವತ್ತಾರನೇ ಕೋಣೆ

ಮೊನ್ನೆ ಏಳನೇ ತರಗತಿಗೆ 'ನಾನು ಮೆಚ್ಚಿದ ಸಿನಿಮಾ' ಎಂದು ಪ್ರಬಂಧ ಬರೆಯಲು ಕೊಟ್ಟಿದ್ದೆ. ನಾಲ್ಕು ಸಾಲು ಬರೆಸಬೇಕಾದರೆ ನಾಲ್ಕು ಸಲ ಗದರಬೇಕಾದ ಹುಡುಗನೊಬ್ಬ ಅವತ್ತು ಎರಡು ಪುಟ ತುಂಬಿಸಿದ್ದ. ಹಳ್ಳಿಯ ದೇವಸ್ಥಾನದಿಂದ ಬುದ್ಧನ ವಿಗ್ರಹದ ತಲೆಯನ್ನು ಕಳ್ಳರು ಕತ್ತರಿಸಿ ಒಯ್ಯುತ್ತಾರೆ. ಅದನ್ನು ತರಲು ಹಳ್ಳಿಯ ಯುವಕನೊಬ್ಬ ಪೇಟೆಗೆ ಹೋಗುತ್ತಾನೆ. ಓದುತ್ತಿದ್ದ ಹಾಗೆ ಗೊತ್ತಾಯಿತು, ಇದು 2003ರ ಥಾಯ್ಲೆಂಡಿನ 'ಓಂಗ್ ಬಾಕ್'. ಮನೆಯ ಮೊಬೈಲಿನಲ್ಲಿ ನೋಡಿದ್ದಾನೆ.

"ಅದರಲ್ಲಿ ಯಾವ ಭಾಷೆ ಮಾತಾಡ್ತಾರೆ ಮಾರಾಯ?" ಅಂತ ಕೇಳಿದೆ.

"ಗೊತ್ತಿಲ್ಲ ಸಾರ್. ಮಾತು ಎಂತದ್ದೂ ಅರ್ಥ ಆಗುವುದಿಲ್ಲ. ಆದ್ರೆ ಕಥೆ ಗೊತ್ತಾಗ್ತದೆ."

ಈ ಉತ್ತರ ನನ್ನನ್ನು ಮೂವತ್ತೈದು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ಆಗ ನಮ್ಮ ಕಾಸರಗೋಡಿನ ಊರುಗಳಲ್ಲಿ ಗಲ್ಫಿನಿಂದ ಬಂದವರ ಮನೆಗಳಲ್ಲಿ ಮಾತ್ರ ವಿ.ಸಿ.ಆರ್. ಇರುತ್ತಿತ್ತು. ನಮ್ಮ ನೆರೆಮನೆಯವರು ದುಬೈಯಿಂದ ರಜೆಗೆ ಬಂದರೆ ಅತ್ತರಿನ ಬಾಟಲಿಗಳ ಜೊತೆ ಕ್ಯಾಸೆಟ್ಟುಗಳೂ ಬರುತ್ತಿದ್ದವು. ಚೀನದ ಮುಖಗಳು, ಇಂಗ್ಲಿಷ್ ಮಾತು, ತುಟಿಗೂ ಮಾತಿಗೂ ತಾಳಮೇಳ ಇಲ್ಲ! ನೆಲದಲ್ಲಿ ಕೂತ ನಮಗೆ ಅವರ ದೊಡ್ಡ ಮಗ ಅರ್ಧ ಮಲಯಾಳ, ಅರ್ಧ ತುಳು, ನಡುವೆ ಕನ್ನಡ ಸೇರಿಸಿ ಕಥೆ ಹೇಳುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ತಿಳಿದದ್ದು ಆಮೇಲೆ. ಆದರೂ ಅವನು ಹೇಳಿದ ಕಥೆ ಹೆಚ್ಚು ಕಡಿಮೆ ಸರಿಯೇ ಇತ್ತು.

ಹಾಗಾದರೆ ಈ ಅಗ್ಗದ ಹೊಡೆದಾಟದ ಸಿನಿಮಾಗಳಲ್ಲಿ ಏನಿತ್ತು? ಹಾಂಕಾಂಗಿನ ಒಬ್ಬ ಕೂಲಿ, ನ್ಯೂಯಾರ್ಕಿನ ಕರಿಯ ಹುಡುಗ, ದುಬೈಯಲ್ಲಿ ದುಡಿಯುವ ಮಲಬಾರಿನವ, ಎಲ್ಲರೂ ಅದನ್ನೇ ನೋಡಿದ್ದು ಯಾಕೆ? ಇದಕ್ಕೊಂದು ಇತಿಹಾಸ ಉಂಟು, ಸ್ವಲ್ಪ ನೋಡೋಣ.

ಚೀನದಲ್ಲಿ ಈ ಜಾತಿಯ ಸಿನಿಮಾ ತೀರ ಹಳೆಯದು. 1928ರಲ್ಲಿ ಶಾಂಘೈಯ ಒಂದು ಕಂಪೆನಿ 'ಕೆಂಪು ಕಮಲ ದೇವಾಲಯದ ದಹನ' ಎಂಬ ಮೂಕಿ ಚಿತ್ರ ತೆಗೆಯಿತು. ಜನ ಮುಗಿಬಿದ್ದರು. ಕಂಪೆನಿ ಅದರ ಮೇಲೆ ಹತ್ತಕ್ಕೂ ಹೆಚ್ಚು ಭಾಗಗಳನ್ನು ತೆಗೆಯಿತು. ಕೊನೆಗೆ ಇಂಥ ಚಿತ್ರಗಳು ಮೂಢನಂಬಿಕೆ ಹರಡುತ್ತವೆ ಎಂದು 1930ರ ದಶಕದ ಆರಂಭದಲ್ಲಿ ಸರಕಾರ ಅವುಗಳನ್ನು ನಿಷೇಧಿಸಿತು. 'ಇವುಗಳನ್ನು ನೋಡಿ ಮಕ್ಕಳು ಹಾಳಾಗುತ್ತಾರೆ' ಎಂಬ ನಮ್ಮ ದೂರು ಹೊಸತೇನಲ್ಲ ನೋಡಿ.

ಆಮೇಲೆ ಈ ಕಸುಬು ಹಾಂಕಾಂಗಿಗೆ ಬಂತು. 1949ರಲ್ಲಿ ಅಲ್ಲಿ ವಾಂಗ್ ಫೇ ಹಂಗ್ ಎಂಬ ನಿಜವಾದ ವ್ಯಕ್ತಿಯ ಬಗ್ಗೆ ಚಿತ್ರಗಳು ಶುರುವಾದವು. ಈತ ದಕ್ಷಿಣ ಚೀನದ ಒಬ್ಬ ನಾಟಿ ವೈದ್ಯ, ಮಲ್ಲವಿದ್ಯೆಯ ಗುರು. ಕ್ವಾನ್ ತಕ್ ಹಿಂಗ್ ಎಂಬ ನಟ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಈ ಒಂದೇ ಪಾತ್ರ ಮಾಡಿದ! 1960ರ ದಶಕದಲ್ಲಿ ಶಾ ಸಹೋದರರು ಕ್ಲಿಯರ್ ವಾಟರ್ ಬೇ ಎಂಬಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿ ಸಿನಿಮಾವನ್ನು ಕಾರ್ಖಾನೆಯ ಹಾಗೆ ನಡೆಸಿದರು. ನಟರಿಗೆ ಕರಾರು, ವಾಸಕ್ಕೆ ಅಲ್ಲೇ ಹಾಸ್ಟೆಲು. ಒಂದೇ ಹಳ್ಳಿಯ ಸೆಟ್ಟು, ಒಂದೇ ಅರಮನೆ, ಹತ್ತಾರು ಚಿತ್ರಗಳಲ್ಲಿ ತಿರುಗಿ ತಿರುಗಿ ಬರುತ್ತದೆ. ಚಿತ್ರೀಕರಣದ ಹೊತ್ತಿಗೆ ಧ್ವನಿ ಹಿಡಿಯುವ ಗೋಜೇ ಇಲ್ಲ, ಎಲ್ಲ ಮಾತನ್ನೂ ಆಮೇಲೆ ಸೇರಿಸುವುದು. ನಾವು ಕಂಡು ನಗುತ್ತಿದ್ದ ಆ ತುಟಿ-ಮಾತಿನ ಜಗಳದ ಮೂಲ ಇದು.

1970ರಲ್ಲಿ ಶಾ ಕಂಪೆನಿಯಿಂದ ಹೊರಬಂದ ರೇಮಂಡ್ ಚೌ ಎಂಬವರು ಗೋಲ್ಡನ್ ಹಾರ್ವೆಸ್ಟ್ ಎಂಬ ಸಣ್ಣ ಕಂಪೆನಿ ಮಾಡಿದರು. ಅಮೆರಿಕದ ಟೀವಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿ ಬೇಸತ್ತಿದ್ದ ಬ್ರೂಸ್ ಲೀಯನ್ನು ಕರೆತಂದರು. ಆ ಕಂಪೆನಿಗೆ ಅವನ ಮೊದಲ ಚಿತ್ರ 'ದಿ ಬಿಗ್ ಬಾಸ್' 1971ರಲ್ಲಿ ಥಾಯ್ಲೆಂಡಿನ ಪಾಕ್ ಚಾಂಗ್ ಎಂಬ ಊರಲ್ಲಿ ತಯಾರಾಯಿತು. ಖರ್ಚು ಸುಮಾರು 1 ಲಕ್ಷ ಡಾಲರು, ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಕಾಸು. ಅದೇ ವರ್ಷ ಅದು ಹಾಂಕಾಂಗಿನ ಗಳಿಕೆಯ ದಾಖಲೆಯನ್ನು ಮುರಿಯಿತು. ಹಿಂದಿನ ದಾಖಲೆ 'ದಿ ಸೌಂಡ್ ಆಫ್ ಮ್ಯೂಸಿಕ್'ನದ್ದು.

ಅದರ ಕಥೆ ಏನು? ಚೀನದಿಂದ ಹೊಟ್ಟೆಪಾಡಿಗೆ ಪರದೇಶಕ್ಕೆ ಬಂದ ಒಬ್ಬ ಹುಡುಗ ಐಸ್ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಾನೆ. ಜಗಳಕ್ಕೆ ಹೋಗುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದಾನೆ. ಐಸ್ ಗಡ್ಡೆಯ ಒಳಗೆ ಮಾದಕ ವಸ್ತು ಸಾಗುತ್ತದೆ, ಅದನ್ನು ಕಂಡ ಕೂಲಿಯವರು ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಸಿನಿಮಾದ ಅರ್ಧದಷ್ಟು ಹೊತ್ತು ಬ್ರೂಸ್ ಲೀ ಕೈ ಎತ್ತುವುದೇ ಇಲ್ಲ, ಸಹಿಸುತ್ತಾನೆ. ಯಜಮಾನನ ಎದುರು ಬಾಯಿ ಮುಚ್ಚಿ ನಿಂತು ಗೊತ್ತಿರುವವರಿಗೆ ಆ ಸಹನೆಯ ಭಾರ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

1972ರ 'ದಿ ವೇ ಆಫ್ ದಿ ಡ್ರ್ಯಾಗನ್' ಅವನೇ ಬರೆದು ನಿರ್ದೇಶಿಸಿದ್ದು. ಅದರಲ್ಲಿ ಹಳ್ಳಿಯ ಹುಡುಗ ರೋಮಿಗೆ ಬರುತ್ತಾನೆ. ಭಾಷೆ ಗೊತ್ತಿಲ್ಲ. ಹೋಟೆಲಿನಲ್ಲಿ ಪಟ್ಟಿಯ ಮೇಲೆ ಎಲ್ಲೆಲ್ಲೋ ಬೆರಳಿಡುತ್ತಾನೆ, ಬಟ್ಟಲು ಬಟ್ಟಲು ಸೂಪು ಬಂದು ಎದುರು ಸಾಲಾಗಿ ಕೂರುತ್ತದೆ. ಮರ್ಯಾದೆಗೆ ಅಷ್ಟನ್ನೂ ಕುಡಿಯುತ್ತಾನೆ. ಈ ದೃಶ್ಯಕ್ಕೆ ನಮ್ಮ ನೆರೆಮನೆಯ ಯಜಮಾನರು ಬಿದ್ದು ಬಿದ್ದು ನಗುತ್ತಿದ್ದರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ದುಬೈಯ ಮೊದಲ ವಾರ ಅವರಿಗೂ ಅದೇ ಗತಿ ಆಗಿತ್ತಂತೆ.

ಹೊರದೇಶಗಳಿಗೆ ಈ ಗಾಳಿ ಬೀಸಿದ್ದು 1973ರಲ್ಲಿ. ಆ ವರ್ಷ ಶಾ ಸಹೋದರರ 'ಫೈವ್ ಫಿಂಗರ್ಸ್ ಆಫ್ ಡೆತ್' ಅಮೆರಿಕದಲ್ಲಿ ಓಡಿತು, ಹಿಂದೆಯೇ ಬ್ರೂಸ್ ಲೀಯ ಚಿತ್ರಗಳು ಬಂದವು. ದೊಡ್ಡ ಪೇಟೆಗಳ ನಡುವಿನ ಹಳೆ ಟಾಕೀಸುಗಳಲ್ಲಿ ಕರಿಯರ, ಪೋರ್ಟೊರಿಕೊದವರ ಮಕ್ಕಳು ಇವುಗಳನ್ನು ಮತ್ತೆ ಮತ್ತೆ ನೋಡಿದರು. ಪರದೆಯ ಮೇಲೆ ಬಿಳಿಯನಲ್ಲದ ನಾಯಕ, ಕೈಯಲ್ಲಿ ಕೋವಿ ಇಲ್ಲ, ಹಿಂದೆ ಪೊಲೀಸಿಲ್ಲ, ಕಿಸೆಯಲ್ಲಿ ದುಡ್ಡಿಲ್ಲ. ಇರುವುದು ತನ್ನ ಮೈ ಒಂದೇ. 1973ರ ಜುಲೈ 20ರಂದು, 'ಎಂಟರ್ ದಿ ಡ್ರ್ಯಾಗನ್' ಬಿಡುಗಡೆಗೆ ಮೊದಲೇ, ಬ್ರೂಸ್ ಲೀ ತೀರಿಕೊಂಡ. ವಯಸ್ಸು ಬರೀ 32.

ನಮ್ಮಲ್ಲಿಗೂ ಆ ಗಾಳಿ ಬಂತು. ಪೇಟೆ ಪೇಟೆಗಳಲ್ಲಿ ಕರಾಟೆ ಕ್ಲಾಸು ಶುರುವಾಯಿತು. ಕನ್ನಡದಲ್ಲಿ ಶಂಕರ್ ನಾಗ್ 'ಕರಾಟೆ ಕಿಂಗ್' ಆದರು. ಹಿಂದಿಯಲ್ಲಿ 1983ರಲ್ಲಿ ಮಿಥುನ್ ಚಕ್ರವರ್ತಿಯ ಒಂದು ಚಿತ್ರದ ಹೆಸರೇ 'ಕರಾಟೆ'. ನಮ್ಮ ಶಾಲೆಯಲ್ಲಿ ಎರಡು ಬಿದಿರು ತುಂಡಿಗೆ ಸೈಕಲ್ ಚೈನು ಕಟ್ಟಿ ಬೀಸಿದವರಿಗೆ ಲೆಕ್ಕವಿಲ್ಲ. ನಾನೂ ಬೀಸಿ ನನ್ನ ತಲೆಗೇ ಹೊಡೆದುಕೊಂಡಿದ್ದೇನೆ. ಗೆಳೆಯನೊಬ್ಬ ಮುರಕಲ್ಲಿನ ಗೋಡೆಯಿಂದ ಹಾರಿ ಕೈ ಮುರಿದುಕೊಂಡ. ಆ ಕೈ ಇವತ್ತಿಗೂ ಸ್ವಲ್ಪ ಸೊಟ್ಟ.

ಅಗ್ಗ ಎಂದಾಗ ನಾವು ಮರೆಯುವುದು ಇದನ್ನೇ. ಕಡಿಮೆ ದುಡ್ಡಿನ ಸಿನಿಮಾದ ಉಳಿದ ಖರ್ಚನ್ನು ಯಾರೋ ಮೈಯಿಂದ ಕೊಟ್ಟಿರುತ್ತಾರೆ. ಹಾಂಕಾಂಗಿನಲ್ಲಿ ಯು ಜಿಮ್ ಯುವೆನ್ ಎಂಬವರ ಬಳಿ ಪೀಕಿಂಗ್ ಅಪೆರಾ ಕಲಿಸುವ ಶಾಲೆ ಇತ್ತು. ಬಡವರ ಮಕ್ಕಳನ್ನು ವರ್ಷಗಟ್ಟಲೆ ಕರಾರಿಗೆ ಅಲ್ಲಿ ಬಿಡುತ್ತಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಲಾಗ, ಕುಣಿತ, ಹಾಡು. ತಪ್ಪಿದರೆ ಬೆತ್ತ. ಜಾಕಿ ಚಾನ್, ಸ್ಯಾಮೋ ಹಂಗ್, ಯುವೆನ್ ಬಿಯಾವೋ ಮೂವರೂ ಅಲ್ಲಿಯವರು. ಅವರು ಕಲಿತು ಹೊರಬರುವ ಹೊತ್ತಿಗೆ ಅಪೆರಾಕ್ಕೆ ಜನವೇ ಇಲ್ಲ! ಹೊಟ್ಟೆಗಾಗಿ ಸಿನಿಮಾದಲ್ಲಿ ಬೀಳುವ, ಏಳುವ ಕೆಲಸಕ್ಕೆ ಸೇರಿದರು. 1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಬ್ರೂಸ್ ಲೀ ಖಳನಾಯಕನನ್ನು ಒದ್ದು ಹೊರಗೆ ಹಾರಿಸುವ ದೃಶ್ಯದಲ್ಲಿ, ಖಳನ ಬದಲಿಗೆ ಹಾರಿ ಬಿದ್ದವನು ಹೆಸರಿಲ್ಲದ ಜಾಕಿ ಚಾನ್. ಅವನಿಗೆ ಸ್ವಂತ ಹೆಸರು ಬಂದದ್ದು 1978ರಲ್ಲಿ, 'ಡ್ರಂಕನ್ ಮಾಸ್ಟರ್' ಬಂದ ಮೇಲೆ.

ಆ ಹೊಡೆದಾಟದ ಲಯ ನಮಗೆ ಯಾಕೆ ಪರಕೀಯ ಅನ್ನಿಸಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಉಂಟು. ಅಪೆರಾದ ಯುದ್ಧ ಡೋಲು, ತಾಳಗಳ ಪೆಟ್ಟಿಗೆ ಸರಿಯಾಗಿ ನಡೆಯುತ್ತದೆ. ಎರಡು ಪೆಟ್ಟು, ಒಂದು ನಿಲುವು, ಮತ್ತೆ ಪೆಟ್ಟು. ನಮ್ಮ ತೆಂಕುತಿಟ್ಟಿನಲ್ಲಿ ಚೆಂಡೆಯ ಹುರುಪಿಗೆ ಧೀಂಗಿಣ ಹಾರುವ ವೇಷಗಳನ್ನು ಕಂಡು ಬೆಳೆದ ಕಣ್ಣಿಗೆ ಅದು ಸಲೀಸಾಗಿ ದಕ್ಕಿತು.

ಇನ್ನು ಈ ವ್ಯಾಪಾರದಲ್ಲಿ ಮೋಸವೂ ಧಾರಾಳ ಇತ್ತು. ಬ್ರೂಸ್ ಲೀ ಸತ್ತ ಮೇಲೆ ಬ್ರೂಸ್ ಲೈ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂದು ನಕಲಿಗಳ ಸಂತೆಯೇ ನೆರೆಯಿತು. 1980ರ ದಶಕದಲ್ಲಿ ಗಾಡ್‌ಫ್ರೀ ಹೋ ಎಂಬ ನಿರ್ದೇಶಕ ಬೇರೆ ದೇಶದ ಹಳೆ ಚಿತ್ರಗಳ ನಡುವೆ ತಾನು ತೆಗೆದ ನಿಂಜಾಗಳ ನಾಲ್ಕಾರು ದೃಶ್ಯ ಸೇರಿಸಿ ಹೊಸ ಚಿತ್ರ ಎಂದು ಮಾರುತ್ತಿದ್ದ. ಇವನ ಒಂದು ಚಿತ್ರದಲ್ಲಿ ಮಹಾವೀರ ನಿಂಜಾ ಬೆಕ್ಕಿನ ಆಕಾರದ ಆಟಿಕೆ ಟೆಲಿಫೋನಿನಲ್ಲಿ ಗಂಭೀರವಾಗಿ ಮಾತಾಡುತ್ತಾನೆ! ನಾವು ಅದನ್ನೂ ಬಾಯಿಬಿಟ್ಟು ನೋಡಿದವರೇ.

ಹಾಗಾದರೆ ಭಾಷೆ ಬೇಡವೇ? ಕನ್ನಡ ಮೇಷ್ಟ್ರಾದ ನನಗೆ ಈ ಪ್ರಶ್ನೆ ಬಿಡುವುದಿಲ್ಲ. ಹಾಂಕಾಂಗಿನ ಮನೆಮಾತು ಕ್ಯಾಂಟನೀಸ್. ಆದರೆ ಈ ಚಿತ್ರಗಳು ತಯಾರಾಗುತ್ತಿದ್ದದ್ದು ದೊಡ್ಡ ಮಾರುಕಟ್ಟೆಯ ಮ್ಯಾಂಡರಿನ್ ಭಾಷೆಯಲ್ಲಿ. 1972ರ ಹೊತ್ತಿಗೆ ಕ್ಯಾಂಟನೀಸ್ ಸಿನಿಮಾ ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಊರಿನ ಜನ ಊರಿನ ಹೀರೋವನ್ನು ಬೇರೆ ಭಾಷೆಯಲ್ಲಿ ನೋಡುತ್ತಿದ್ದರು. 1973ರಲ್ಲಿ 'ದಿ ಹೌಸ್ ಆಫ್ 72 ಟೆನೆಂಟ್ಸ್' ಎಂಬ ವಠಾರದ ಹಾಸ್ಯ ಚಿತ್ರ ಕ್ಯಾಂಟನೀಸಿನಲ್ಲಿ ಬಂತು. ಆ ವರ್ಷ ಅದು ಹಾಂಕಾಂಗಿನಲ್ಲಿ 'ಎಂಟರ್ ದಿ ಡ್ರ್ಯಾಗನ್'ಗಿಂತ ಹೆಚ್ಚು ಗಳಿಸಿತು. ಪೆಟ್ಟು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ, ಆದರೆ ಪಕ್ಕದ ಮನೆಯವರ ಜೊತೆ ಕೂತು ನಗಲಿಕ್ಕೆ ಮನೆಮಾತೇ ಬೇಕು ಎಂದು ನಾನು ಇದರಿಂದ ತಿಳಿದುಕೊಂಡೆ.

ಉಗಾಂಡದ ಕಂಪಾಲದಲ್ಲಿ ವಕಲಿಗ ಎಂಬ ಬಡವರ ಕೇರಿ ಇದೆ. ಅಲ್ಲಿಯ ಐಸಾಕ್ ನಬ್ವಾನ ಎಂಬವರು 2010ರಲ್ಲಿ 'ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್' ಎಂಬ ಹೊಡೆದಾಟದ ಚಿತ್ರ ತೆಗೆದರು. ಖರ್ಚು 200 ಡಾಲರಿನ ಒಳಗೆ ಎಂದು ಹೇಳುತ್ತಾರೆ. ನಟರೆಲ್ಲ ಕೇರಿಯವರು, ಕೋವಿಗಳು ಗುಜರಿಯಿಂದ ಮಾಡಿದ್ದು. ಅಲ್ಲಿಯ ವೀಡಿಯೋ ಹಾಲುಗಳಲ್ಲಿ ಪರಭಾಷೆಯ ಚಿತ್ರ ಓಡುವಾಗ ಒಬ್ಬ ಮೈಕು ಹಿಡಿದು ಜನರ ಭಾಷೆಯಲ್ಲಿ ಕಥೆ ಹೇಳುತ್ತಾನೆ, ನಡುವೆ ತಮಾಷೆ ಮಾಡುತ್ತಾನೆ. ಇದನ್ನು ಓದಿದಾಗ ನನಗೆ ನೆರೆಮನೆಯ ದೊಡ್ಡ ಮಗನೇ ಕಣ್ಣೆದುರು ಬಂದ.

ಕೊನೆಗೆ ನನಗೆ ಇವೆಲ್ಲದರಲ್ಲಿ ಅತಿ ಹೆಚ್ಚು ಇಷ್ಟವಾದ ಚಿತ್ರದ ಮಾತು. 1978ರ 'ದಿ ಥರ್ಟಿ ಸಿಕ್ಸ್ತ್ ಚೇಂಬರ್ ಆಫ್ ಶಾಓಲಿನ್'. ನಿರ್ದೇಶಕ ಲೌ ಕಾರ್ ಲಿಯುಂಗ್. ಇವರ ತಂದೆಯ ಗುರು, ಮೇಲೆ ಹೇಳಿದ ವಾಂಗ್ ಫೇ ಹಂಗ್‌ನ ನೇರ ಶಿಷ್ಯ. ಗುರುಪರಂಪರೆ ಅಂದರೆ ಇದು. ದಬ್ಬಾಳಿಕೆಯಿಂದ ತಪ್ಪಿಸಿಕೊಂಡ ಒಬ್ಬ ವಿದ್ಯಾರ್ಥಿ ಶಾಓಲಿನ್ ಮಠ ಸೇರುತ್ತಾನೆ. ಅಲ್ಲಿ ಕಲಿಕೆಗೆ 35 ಕೋಣೆಗಳು. ಅವಸರದ ಹುಡುಗ, ಎಲ್ಲಕ್ಕಿಂತ ಮೇಲಿನ ಕೋಣೆಗೇ ಹೋಗುತ್ತೇನೆ ಎನ್ನುತ್ತಾನೆ. ಅಲ್ಲಿ ಸೂತ್ರ ಪಠಣ, ಒಂದಕ್ಷರ ತಲೆಗೆ ಹೋಗುವುದಿಲ್ಲ. ಕೆಳಗಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಪಾಠ ಏನೆಂದರೆ ನೀರಿನಲ್ಲಿ ತೇಲುವ ಮರದ ತುಂಡುಗಳ ಮೇಲೆ ಹಾರಿ ಊಟದ ಮನೆ ಸೇರುವುದು. ಬಿದ್ದರೆ ಒದ್ದೆ ಬಟ್ಟೆ. ಮುಂದೆ ತೋಳಿಗೆ ಚೂರಿ ಕಟ್ಟಿಕೊಂಡು ನೀರು ಹೊರಬೇಕು, ತೋಳು ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಚಿತ್ರದ ದೊಡ್ಡ ಭಾಗ ಹೀಗೆ ಕಲಿಯುವುದರಲ್ಲೇ ಹೋಗುತ್ತದೆ. ಆದರೂ ಒಂದು ಮಗುವೂ ಎದ್ದು ಹೋಗುವುದಿಲ್ಲ!

ಮಕ್ಕಳನ್ನು ಈ ಚಿತ್ರಗಳು ಹಿಡಿದಿಡುವುದು ಪೆಟ್ಟಿನಿಂದ ಮಾತ್ರ ಅಂತ ನನಗೆ ಅನಿಸುವುದಿಲ್ಲ. ಕೈಲಾಗದವನು ಕಲಿತು ಕೈಲಾಗುವವನಾಗುವುದನ್ನು ಅವು ಹಂತ ಹಂತವಾಗಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ನಮ್ಮ ಪಾಠ ಪುಸ್ತಕ ಅದನ್ನು ಹಾಗೆ ತೋರಿಸುವುದಿಲ್ಲ.

ಎಲ್ಲ ಕೋಣೆ ದಾಟಿದ ಮೇಲೆ ಅವನಿಗೆ ಬೇಕಾದ ಕೋಣೆಯ ಅಧಿಕಾರ ಕೊಡುತ್ತೇವೆ ಎನ್ನುತ್ತಾರೆ. ಅವನು ಮೂವತ್ತಾರನೆಯದೊಂದು ಬೇಕು ಎನ್ನುತ್ತಾನೆ, ಮಠದ ಹೊರಗಿನ ಸಾಮಾನ್ಯರಿಗೆ ಕಲಿಸಲಿಕ್ಕೆ.

ಆ ಹುಡುಗನ ಪ್ರಬಂಧದಲ್ಲಿ ಒತ್ತಕ್ಷರದ ತಪ್ಪು ಹನ್ನೊಂದು ಇತ್ತು. ಕೆಂಪು ಪೆನ್ನು ಹಿಡಿದೆ, ಆಮೇಲೆ ಇಟ್ಟೆ. ನಾಳೆ ಅವನನ್ನು ಕರೆದು ಆ ಸಿನಿಮಾದ ಕಥೆಯನ್ನು ತರಗತಿಗೆ ಕನ್ನಡದಲ್ಲಿ ಹೇಳಿಸಬೇಕು. ತಪ್ಪು ತಿದ್ದುವುದು ಅದಾದ ಮೇಲೆ.