ಬೈಕುಲ್ಲಾದ ಸೂಚಿ, ನಾಝ್ ಬಿಲ್ಡಿಂಗಿನ ಫಾರ್ಮುಲಾ

ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶಗಳನ್ನು ಗುರುತಿಸಿ ಅವಕ್ಕೆ ಹೆಸರಿಡುವ ಕೆಲಸ ಮುಂಬಯಿಯಲ್ಲಿ ಎರಡು ಸಲ, ಎರಡು ಬೇರೆ ಬೇರೆ ಉದ್ದೇಶಗಳಿಗಾಗಿ ನಡೆದಿದೆ. ಮೊದಲ ಸಲ ಅದು ನಡೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬೈಕುಲ್ಲಾದ ಒಂದು ಅಚ್ಚುಕೂಟದ ಆಸುಪಾಸಿನಲ್ಲಿ. ಎರಡನೆಯ ಸಲ ಇಪ್ಪತ್ತನೆಯ ಶತಮಾನದಲ್ಲಿ, ಉಪನಗರಗಳ ಸ್ಟುಡಿಯೊಗಳಲ್ಲಿ ಮತ್ತು ಲ್ಯಾಮಿಂಗ್ಟನ್ ರಸ್ತೆಯ ಸಿನಿಮಾ ವಿತರಕರ ಕಚೇರಿಗಳಲ್ಲಿ. ಮೊದಲನೆಯದರ ದಾಖಲೆ ಗ್ರಂಥಾಲಯಗಳಲ್ಲಿದೆ. ಎರಡನೆಯದು ಬಹುಮಟ್ಟಿಗೆ ಬಾಯಿಮಾತಿನಲ್ಲೇ ಉಳಿದಿದೆ.

ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ 1865–66ರ ಚಳಿಗಾಲದಲ್ಲಿ ‘ಸದರ್ನ್ ಮರಾಠಾ ಕಂಟ್ರಿ’ಯಲ್ಲಿ ಪ್ರವಾಸ ಕೈಗೊಂಡ. ಆಗಿನ ಸರ್ಕಾರಿ ಕಡತಗಳಲ್ಲಿ ಬೆಳಗಾವಿ, ಧಾರವಾಡಗಳೂ ಈ ಹೆಸರಿನೊಳಗೇ ಸೇರಿದ್ದವು. ಜೊತೆಯಲ್ಲಿದ್ದ ಮಗಳು ಮೇರಿ ಫ್ರೇರ್ ಬೇಸರ ಕಳೆಯಲು ತನ್ನ ಆಯಾಳಿಂದ ಕಥೆ ಹೇಳಿಸಿ ಬರೆದುಕೊಂಡಳು. ಆಯಾಳ ಹೆಸರು ಅನ್ನಾ ಲಿಬೆರಾಟಾ ಡಿಸೋಜಾ. ಅವಳೇ ಹೇಳಿಕೊಂಡಂತೆ ಅವಳ ಅಜ್ಜನ ಮನೆಯವರು ಮೂಲತಃ ಲಿಂಗಾಯತರು. ಗೋವೆಯ ಬಳಿ ನೆಲೆಸಿದ ಮೇಲೆ ಅಜ್ಜ ಕ್ರೈಸ್ತನಾದ. ಕಥೆಗಳು ಅವಳಿಗೆ ಅಜ್ಜಿಯಿಂದ ಬಂದವು. 1868ರಲ್ಲಿ ಲಂಡನ್ನಿನಲ್ಲಿ ‘ಓಲ್ಡ್ ಡೆಕನ್ ಡೇಸ್’ ಎಂಬ ಹೆಸರಿನಲ್ಲಿ ಅವು ಪುಸ್ತಕವಾದವು. ಆ ಕಾಲದ ಸಂಗ್ರಹಕಾರರಲ್ಲಿ ಅಪರೂಪವೆನ್ನಬಹುದಾದ ಸೌಜನ್ಯ ಮೇರಿಯದು. ಕಥೆ ಹೇಳಿದವಳ ಬದುಕನ್ನು ಅವಳದೇ ಮಾತಿನಲ್ಲಿ ಒಂದು ಅಧ್ಯಾಯವಾಗಿ ಪುಸ್ತಕಕ್ಕೆ ಸೇರಿಸಿದಳು.

ಆ ಸಂಕಲನದ ‘ಪಂಚ್‌ಕಿನ್’ ಕಥೆಯ ಮಾಂತ್ರಿಕನ ಪ್ರಾಣ ಅವನ ಮೈಯಲ್ಲಿಲ್ಲ. ದೂರದ ಕಾಡಿನ ನಡುವೆ ತಾಳೆಮರಗಳ ವರ್ತುಲ, ಅದರ ಮಧ್ಯೆ ಒಂದರ ಮೇಲೊಂದು ಪೇರಿಸಿದ ಆರು ನೀರಿನ ಕೊಡ, ಕೊನೆಯ ಕೊಡದ ಕೆಳಗೊಂದು ಪಂಜರ, ಪಂಜರದಲ್ಲಿ ಹಸಿರು ಗಿಳಿ. ಗಿಳಿಯ ರೆಕ್ಕೆ ಕಿತ್ತರೆ ಮಾಂತ್ರಿಕನ ತೋಳು ಕಳಚಿ ಬೀಳುತ್ತದೆ. ಕತ್ತು ಹಿಸುಕಿದರೆ ಅವನು ಸಾಯುತ್ತಾನೆ. ಏಳು ಸಮುದ್ರದಾಚೆಯ ಗಿಳಿಯ ಕಥೆ ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಇದು ಹೊಸತಲ್ಲ. ಲಂಡನ್ನಿನ ವಿದ್ವಾಂಸರಿಗೆ ಮಾತ್ರ ಇದು ದೊಡ್ಡ ಸಾಕ್ಷ್ಯವಾಗಿ ಕಂಡಿತು. ಎಡ್ವರ್ಡ್ ಕ್ಲಾಡ್ 1884ರಲ್ಲಿ ಈ ಒಂದೇ ಕಥೆಯನ್ನು ಹಿಡಿದು ಲೇಖನ ಬರೆದ. ಜೇಮ್ಸ್ ಫ್ರೇಸರ್ 1890ರ ‘ಗೋಲ್ಡನ್ ಬೋ’ ಗ್ರಂಥದಲ್ಲಿ, ದೇಹದ ಹೊರಗೆ ಇರಿಸಿದ ಪ್ರಾಣದ ಚರ್ಚೆಯಲ್ಲಿ, ಇದನ್ನು ಉದಾಹರಿಸಿದ.

ಇತ್ತ ಬೈಕುಲ್ಲಾದಲ್ಲಿದ್ದ ಎಜುಕೇಶನ್ ಸೊಸೈಟೀಸ್ ಪ್ರೆಸ್ ಆ ಹೊತ್ತಿಗೆ ದೇಶದ ಜಾನಪದ ಸಾಮಗ್ರಿಗೆ ಒಂದು ಮುಖ್ಯ ಅಚ್ಚುಮನೆಯಾಗಿತ್ತು. ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ ಶಾಸನಗಳ ಜೊತೆಗೆ ಕಥೆಗಳನ್ನೂ ಪ್ರಕಟಿಸುತ್ತಿತ್ತು. ಪುತಲೀಬಾಯಿ ವಾಡಿಯಾ ಪಶ್ಚಿಮ ಭಾರತದ ಕಥೆಗಳನ್ನು ಅದಕ್ಕೆ ಕೊಟ್ಟರು. ಸಂಗೊಳ್ಳಿ ರಾಯಣ್ಣನ ಮೇಲಿನ ಲಾವಣಿಯೂ ಸೇರಿದಂತೆ ಶಾಸನತಜ್ಞ ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳು ಅಚ್ಚಾದದ್ದೂ ಅದರಲ್ಲೇ. 1884ರಲ್ಲಿ ಫ್ಲೋರಾ ಆನ್ನಿ ಸ್ಟೀಲ್ ಮತ್ತು ರಿಚರ್ಡ್ ಟೆಂಪಲ್ ಅವರ ‘ವೈಡ್-ಅವೇಕ್ ಸ್ಟೋರೀಸ್’ ಬೈಕುಲ್ಲಾದಿಂದ ಹೊರಬಿತ್ತು. ಕಥೆಗಳು ಪಂಜಾಬ್ ಮತ್ತು ಕಾಶ್ಮೀರದವು. ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳದ್ದು ಕೊನೆಯಲ್ಲಿ ಟೆಂಪಲ್ ಸೇರಿಸಿದ ಅನುಬಂಧ. ಒಂದೊಂದು ಕಥೆಯನ್ನೂ ಘಟನೆಗಳಾಗಿ ಬಿಡಿಸಿ, ಅದೇ ಘಟನೆ ‘ಓಲ್ಡ್ ಡೆಕನ್ ಡೇಸ್’ನಲ್ಲಿ ಎಲ್ಲಿದೆ, ಲಾಲ್ ಬೆಹಾರಿ ಡೇ ಅವರ ಬಂಗಾಳಿ ಕಥೆಗಳಲ್ಲಿ ಎಲ್ಲಿದೆ ಎಂದು ಅವನು ಪಟ್ಟಿ ಮಾಡಿದ. ಗಿಳಿಯಲ್ಲಿ ಪ್ರಾಣವಿಡುವ ಬಗೆಯ ಘಟನೆಗಳಿಗೆ ‘ಲೈಫ್ ಇಂಡೆಕ್ಸ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಇಲ್ಲಿಂದ. ಭಾರತದ ಕಥೆಗಳಿಗೆ ವ್ಯವಸ್ಥಿತವಾದ ಘಟನಾಸೂಚಿ ಸಿದ್ಧವಾದ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು.

ಮುಂದೆ ಈ ಕೆಲಸ ಸಾಗರದಾಚೆ ಬೆಳೆಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕ ಮಾರಿಸ್ ಬ್ಲೂಮ್‌ಫೀಲ್ಡ್ ಭಾರತೀಯ ಕಥೆಗಳ ಆಶಯಗಳಿಗೆ, ಎಂದರೆ ಮತ್ತೆ ಮತ್ತೆ ಬರುವ ಕಥಾಂಶಗಳಿಗೆ, ಒಂದು ವಿಶ್ವಕೋಶವನ್ನೇ ಯೋಜಿಸಿದ. ಪರಕಾಯ ಪ್ರವೇಶ, ಬಸುರಿಯ ಬಯಕೆ, ಏಕಕಾಲದ ನಗು–ಅಳು, ಹೀಗೆ ಒಂದೊಂದು ಆಶಯಕ್ಕೂ ಅವನು ಮತ್ತು ಅವನ ಶಿಷ್ಯರು ಬಿಡಿ ಪ್ರಬಂಧ ಬರೆದರು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ತುಂಬು ಬಸುರಿ ಸೀತೆ ತಪೋವನ ನೋಡಲು ಬಯಸುವುದು ಈ ಪಟ್ಟಿಗೆ ಸಲೀಸಾಗಿ ಸೇರುತ್ತದೆ. ವಿಶ್ವಕೋಶ ಮಾತ್ರ ಪೂರ್ಣಗೊಳ್ಳಲಿಲ್ಲ. ಸ್ಟಿತ್ ಥಾಂಪ್ಸನ್ 1932–36ರಲ್ಲಿ ಜಗತ್ತಿನ ಕಥೆಗಳ ಆಶಯ ಸೂಚಿಯನ್ನು ಆರು ಸಂಪುಟಗಳಲ್ಲಿ ತಂದ. 1958ರಲ್ಲಿ ಜೋನಸ್ ಬಾಲಿಸ್ ಜೊತೆಗೂಡಿ ಭಾರತದ್ದನ್ನೇ ಪ್ರತ್ಯೇಕವಾಗಿ ಪ್ರಕಟಿಸಿದ. ಪಂಚ್‌ಕಿನ್‌ನ ಗಿಳಿಗೆ ಸಿಕ್ಕ ಸಂಖ್ಯೆ ಇ710. ಜೈಮಿನಿ ಭಾರತದ ಚಂದ್ರಹಾಸನ ಕೈಯಲ್ಲೇ ಅವನ ಸಾವಿನ ಪತ್ರ ಕಳಿಸುವ ದುಷ್ಟಬುದ್ಧಿಯ ತಂತ್ರ ಕೆ978. ಅದನ್ನು ತಿದ್ದಿದ ವಿಷಯೆಯ ಜಾಣತನಕ್ಕೂ ಬೇರೊಂದು ಸಂಖ್ಯೆಯಿದೆ. ಈ ಸೂಚಿಗಳಿಂದ ಕಥೆಗಳ ಪಯಣ ಹಿಡಿಯುವುದು ಸುಲಭವಾಯಿತು. ಆದರೆ ಹೇಳಿದವರು ಯಾರು, ಯಾರಿಗೆ, ಯಾಕೆ ಹೇಳಿದರು ಎಂಬುದು ಸಂಖ್ಯೆಗಳ ನಡುವೆ ಜಾರಿಹೋಯಿತು. ಅದು ಸಣ್ಣ ನಷ್ಟವಲ್ಲ.

ಇನ್ನು ಎರಡನೆಯ ಸಲದ ಮಾತು. ಸಿನಿಮಾದವರ ಹೆಸರುಗಳ ಬೇರು ನಾಟಕ ಕಂಪನಿಗಳಲ್ಲಿದೆ. 1846ರಲ್ಲಿ ಗ್ರ್ಯಾಂಟ್ ರೋಡ್ ರಂಗಮಂದಿರ ತೆರೆದ ಮೇಲೆ ಪಾರ್ಸಿ ಕಂಪನಿಗಳು ಷೇಕ್ಸ್‌ಪಿಯರ್, ಶಾಹನಾಮೆ, ಪುರಾಣಗಳನ್ನೆಲ್ಲ ಒಂದೇ ರಂಗದ ಮೇಲೆ ತಂದವು. ತಪ್ಪಿಹೋದ ಮಗು, ಅವಳಿಗಳ ಗೊಂದಲ, ಕೊನೆಯ ಅಂಕದಲ್ಲಿ ಬಯಲಾಗುವ ಜನ್ಮರಹಸ್ಯ ಅಲ್ಲಿನ ನಿತ್ಯದ ಸರಕು. ಆಗಾ ಹಶ್ರ್ ಕಾಶ್ಮೀರಿಯ ‘ಯಹೂದಿ ಕೀ ಲಡ್ಕಿ’ಯಲ್ಲಿ ಯಹೂದಿ ಸಾಕಿದ ಹುಡುಗಿ ಅವನ ಶತ್ರುವಾದ ರೋಮನ್ನನ ಮಗಳು. 1931ರಲ್ಲಿ ಬಂದ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಕೂಡ ಪಾರ್ಸಿ ನಾಟಕವೊಂದರಿಂದ ಬಂದದ್ದೇ.

ವ್ಯಾಪಾರ ಬೆಳೆದಂತೆ ಬಗೆಗಳಿಗೆ ಹೆಸರು ಬೇಕಾಯಿತು. ರಂಗಾಚಾರಿಯರ್ ಅಧ್ಯಕ್ಷತೆಯ 1927–28ರ ಸಿನಿಮಾ ಸಮಿತಿಯ ವರದಿಯಲ್ಲೇ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ಕಾಣುತ್ತದೆ. ‘ಸ್ಟಂಟ್’ ಚಿತ್ರಕ್ಕೆ ವಾಡಿಯಾ ಮೂವಿಟೋನಿನ ‘ಹಂಟರ್‌ವಾಲಿ’ (1935) ಮಾದರಿಯಾಯಿತು. ‘ಮುಸ್ಲಿಂ ಸೋಶಿಯಲ್’, ‘ಡಿವೋಶನಲ್’, ‘ಡಾಕು ಫಿಲ್ಮ್’ ಕೂಡ ಹೀಗೆಯೇ ಬಳಕೆಗೆ ಬಂದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಟುಡಿಯೊ ಪದ್ಧತಿ ಕುಸಿದು ಬಿಡಿ ನಿರ್ಮಾಪಕರು ಬಂದಾಗ ಹೆಸರಿನ ಕೆಲಸ ಬದಲಾಯಿತು. ಚಿತ್ರ ಮುಗಿಯುವ ಮೊದಲೇ ಅದನ್ನು ವಿತರಕರಿಗೆ ಮಾರಿ ಹಣ ಎತ್ತಬೇಕಿತ್ತು. ಕಥೆಗಾರ ಕಥೆಯನ್ನು ಬಾಯಲ್ಲೇ ಹೇಳುತ್ತಿದ್ದ. ಆ ‘ನರೇಶನ್’ ಕೇಳಿದವರು ಅದನ್ನು ಇನ್ನೊಬ್ಬರಿಗೆ ಎರಡು ಮಾತಿನಲ್ಲಿ ದಾಟಿಸಬೇಕಿತ್ತು. ವಿತರಕರ ಕಚೇರಿಗಳು ಒತ್ತಾಗಿ ನೆರೆದಿದ್ದ ಲ್ಯಾಮಿಂಗ್ಟನ್ ರಸ್ತೆಯ ನಾಝ್ ಬಿಲ್ಡಿಂಗಿನಲ್ಲಿ ‘ಲಾಸ್ಟ್ ಅಂಡ್ ಫೌಂಡ್’ ಎಂದರೆ ಸಾಕಿತ್ತು, ‘ಡಬಲ್ ರೋಲ್’ ಎಂದರೆ ಸಾಕಿತ್ತು. ಬಾರ್ನೋ ಮತ್ತು ಕೃಷ್ಣಸ್ವಾಮಿ 1963ರಲ್ಲಿ ಬರೆದ ಭಾರತೀಯ ಚಿತ್ರರಂಗದ ಚರಿತ್ರೆ ಈ ಮಾರುಕಟ್ಟೆಯ ಫಾರ್ಮುಲಾವನ್ನು ಒಬ್ಬ ತಾರೆ, ಆರು ಹಾಡು, ಮೂರು ನೃತ್ಯಗಳ ಲೆಕ್ಕದಲ್ಲಿ ವಿವರಿಸಿತು.

ಈ ಹೆಸರುಗಳಲ್ಲಿ ಎಲ್ಲಕ್ಕಿಂತ ಫಲವತ್ತಾದದ್ದು ಲಾಸ್ಟ್ ಅಂಡ್ ಫೌಂಡ್. ಮಲಾಡಿನ ಬಾಂಬೆ ಟಾಕೀಸ್ 1943ರಲ್ಲಿ ತೆರೆಗೆ ತಂದ ‘ಕಿಸ್ಮತ್’ನಲ್ಲಿ ಜೇಬುಗಳ್ಳ ನಾಯಕ ಸಿರಿವಂತನೊಬ್ಬನ ಕಳೆದುಹೋದ ಮಗ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅದೇ ವರ್ಷ ಮೆಹಬೂಬ್ ಖಾನರ ‘ತಕ್ದೀರ್’ನಲ್ಲಿ ಮಕ್ಕಳು ಕುಂಭಮೇಳದ ಜಂಗುಳಿಯಲ್ಲಿ ತಪ್ಪಿಹೋದರು. ಒಂದೇ ತೆರನಾದ ಇಬ್ಬರನ್ನು ಕಂಡರೆ ಕುಂಭಮೇಳದಲ್ಲಿ ಬೇರೆಯಾದ ಅಣ್ಣತಮ್ಮಂದಿರೆನ್ನುವುದು ಮುಂಬಯಿಯ ಆಡುಮಾತಿನಲ್ಲಿ ಇವತ್ತಿಗೂ ಇದೆ. 1951ರ ‘ಆವಾರಾ’ದಲ್ಲಿ ನ್ಯಾಯಾಧೀಶನ ಮಗ ಕಳ್ಳನಾಗಿ ಬೆಳೆದ. ಯಶ್ ಚೋಪ್ರಾರ ‘ವಕ್ತ್’ (1965) ಭೂಕಂಪದಲ್ಲಿ ಮೂವರು ಮಕ್ಕಳನ್ನು ಚೆದುರಿಸಿತು. ದೇಶ ಇಬ್ಭಾಗವಾಗಿ ಹದಿನೆಂಟು ವರ್ಷವಷ್ಟೇ ಕಳೆದಿತ್ತು. ಒಂದು ದಿನದಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಆ ಭೂಕಂಪದಲ್ಲಿ ಕಂಡದ್ದೇನು ಎಂದು ಊಹಿಸುವುದು ಕಷ್ಟವಲ್ಲ.

ಬೇರೆಯಾದವರು ಒಂದಾಗಲು ಗುರುತು ಬೇಕು. ಕಾಳಿದಾಸನಲ್ಲಿ ಅದು ಉಂಗುರ. ನಾಸಿರ್ ಹುಸೇನರ ‘ಯಾದೋಂ ಕೀ ಬಾರಾತ್’ನಲ್ಲಿ (1973) ಮನೆಯಲ್ಲಿ ಕಲಿತ ಹಾಡು. ಸಲೀಂ–ಜಾವೇದ್ 1975ರ ‘ದೀವಾರ್’ನಲ್ಲಿ ಗುರುತನ್ನೇ ತಲೆಕೆಳಗು ಮಾಡಿದರು. ನಾಯಕನ ತೋಳಿನ ಹಚ್ಚೆ ಅವನನ್ನು ಮನೆಗೆ ಮರಳಿಸುವುದಿಲ್ಲ. ತಂದೆಯ ಅವಮಾನವನ್ನು ಜೀವಮಾನವಿಡೀ ಹೊರಿಸುತ್ತದೆ. ರೂಢಿಯ ಕಥಾಂಶವೊಂದು ದೊಡ್ಡ ಬರಹಗಾರರ ಕೈಯಲ್ಲಿ ಹೇಗೆ ಹೊಸದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹಿಂದಿ ಚಿತ್ರಗಳಲ್ಲಿ ಸಿಗುವುದು ಕಷ್ಟ.

ಗಿರಗಾಂವ್ ಖೇತ್‌ವಾಡಿಯ ನಿರ್ದೇಶಕ ಮನಮೋಹನ ದೇಸಾಯಿ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಹೆಸರಿನ ಪೂರ್ಣ ಬೆಲೆ ಅರಿತವರು. 1977ರ ಒಂದೇ ವರ್ಷದಲ್ಲಿ ಅವರ ‘ಧರಮ್ ವೀರ್’, ‘ಚಾಚಾ ಭತೀಜಾ’, ‘ಪರ್ವರಿಶ್’, ‘ಅಮರ್ ಅಕ್ಬರ್ ಆ್ಯಂಥನಿ’ ತೆರೆಕಂಡವು. ನಾಲ್ಕರಲ್ಲೂ ಮಗು ಹೆತ್ತವರಿಂದ ದೂರವಾಗಿ ಬೆಳೆಯುತ್ತದೆ. ಕೊನೆಯದರಲ್ಲಿ ಆಗಸ್ಟ್ 15ರಂದು ಗಾಂಧೀಜಿಯ ಪ್ರತಿಮೆಯ ಬುಡದಲ್ಲಿ ಅಗಲಿದ ಮೂವರು ಅಣ್ಣತಮ್ಮಂದಿರು ಮೂರು ಧರ್ಮಗಳಲ್ಲಿ ಬೆಳೆದು, ಗುರುತಿಲ್ಲದೆಯೇ ಒಟ್ಟಿಗೆ ಮಲಗಿ ತಾಯಿಗೆ ರಕ್ತ ಕೊಡುತ್ತಾರೆ. ವೈದ್ಯಶಾಸ್ತ್ರ ಒಪ್ಪದ ಆ ದೃಶ್ಯವನ್ನು ಪ್ರೇಕ್ಷಕರು ಮನಸಾರೆ ಒಪ್ಪಿದರು. ಕಥೆಯ ದಾರಿ ಮೊದಲೇ ಗೊತ್ತಿದ್ದುದರಿಂದಲೇ ಅವರ ಗಮನ ‘ಮುಂದೇನು’ ಎಂಬುದರ ಮೇಲಿರಲಿಲ್ಲ, ‘ಹೇಗೆ’ ಎಂಬುದರ ಮೇಲಿತ್ತು. ಯಕ್ಷಗಾನ ನೋಡುವವರೂ ಹಾಗೆಯೇ ಕೂರುತ್ತಾರೆ.

ಕನ್ನಡ ಚಿತ್ರಗಳಿಂದಲೂ ಈ ಸರಕು ಮುಂಬಯಿಗೆ ಹೋಗಿದೆ. ತಂದೆ ಮತ್ತು ಅಗಲಿದ ಇಬ್ಬರು ಅವಳಿ ಮಕ್ಕಳ ಮೂರು ಪಾತ್ರಗಳಲ್ಲಿ ರಾಜ್‌ಕುಮಾರ್ ನಟಿಸಿದ ‘ಶಂಕರ್ ಗುರು’ (1978), ಐದು ವರ್ಷಗಳ ನಂತರ ಅಮಿತಾಭ್ ಬಚ್ಚನ್‌ರ ‘ಮಹಾನ್’ ಆಯಿತು.

ವಿದ್ವಾಂಸರ ಸೂಚಿ ಆಗಿಹೋದ ಕಥೆಗಳನ್ನು ವಿವರಿಸಿದರೆ, ವ್ಯಾಪಾರಿಗಳ ಹೆಸರು ಮುಂದಿನ ಕಥೆಯನ್ನು ಹುಟ್ಟಿಸುತ್ತಿತ್ತು. ಹೆಸರು ಸಿಕ್ಕಿದ್ದೇ ತಡ, ಅದು ನಿರ್ಮಾಪಕರ ಬೇಡಿಕೆಯಾಗಿ ಕಥೆಗಾರರ ಮೇಜಿಗೆ ಮರಳುತ್ತಿತ್ತು. ಅದೇ ಕಾರಣಕ್ಕೆ ಬೇಗ ಸವೆಯುತ್ತಲೂ ಇತ್ತು. 1990ರ ದಶಕದಲ್ಲಿ ಚೆದುರಿದ ಕುಟುಂಬದ ಜಾಗಕ್ಕೆ ತುಂಬಿದ ಮನೆಯ ಮದುವೆ ಬಂತು. ಪುನರ್ಜನ್ಮದ ಕಥೆ ‘ಮಧುಮತಿ’ (1958), ‘ಕರ್ಜ್’ (1980) ದಾಟಿ ‘ಓಂ ಶಾಂತಿ ಓಂ’ಗೆ (2007) ಬರುವಾಗ ಪ್ರೇಕ್ಷಕರ ಪೂರ್ವಪರಿಚಯವೇ ಚಿತ್ರದ ಬಂಡವಾಳವಾಗಿತ್ತು.

1998ರಲ್ಲಿ ಚಿತ್ರರಂಗಕ್ಕೆ ಉದ್ಯಮದ ಮಾನ್ಯತೆ ಸಿಕ್ಕಿತು. ಕಾರ್ಪೊರೇಟ್ ಕಂಪನಿಗಳು ನಿರ್ಮಾಣ, ವಿತರಣೆ ಎರಡನ್ನೂ ಕೈಗೆತ್ತಿಕೊಂಡ ಮೇಲೆ ನಾಝ್ ಬಿಲ್ಡಿಂಗಿನ ಹಿಡಿತ ಸಡಿಲಿತು. ಬಾಯಲ್ಲಿ ಹೇಳುವ ಕಥೆಯ ಜಾಗಕ್ಕೆ ಬೈಂಡ್ ಮಾಡಿದ ಸ್ಕ್ರಿಪ್ಟ್ ಬಂತು. ಆ ಕಚೇರಿಗಳಲ್ಲಿ ದುಡಿದ ವಿತರಕರು, ಗುಮಾಸ್ತರು, ಕಥೆಗಾರರು ಬಳಸುತ್ತಿದ್ದ ಹೆಸರುಗಳು ಆಶಯ ಸೂಚಿಗಳಷ್ಟೇ ಗಂಭೀರ ಅಧ್ಯಯನಕ್ಕೆ ಅರ್ಹ. ಅವನ್ನು ಆಡಿದವರ ಹೆಸರಿನೊಂದಿಗೆ, ಸಂದರ್ಭದೊಂದಿಗೆ ಬರೆದಿಡುವ ಕೆಲಸವನ್ನು ಮುಂಬಯಿಯ ವಿಶ್ವವಿದ್ಯಾಲಯಗಳೂ ಜಾನಪದ ವಿದ್ವಾಂಸರೂ ಆ ಪೀಳಿಗೆ ಇರುವಾಗಲೇ ಕೈಗೊಳ್ಳಬೇಕು.