ತಪ್ಪಲೆಯೊಳಗಿನ ಕಾಸು: ಯುದ್ಧಕಾಲದ ಒಂದು ತಾಮ್ರಸಂಗ್ರಹ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಶ್ರೀಗಂಧದ ಕಾವಲ್ ಈಗ ಮನೆಗಳಿಂದ ತುಂಬಿಹೋಗಿದೆ. ಕಾವಲ್ ಎಂದರೆ ಕಾಯ್ದಿರಿಸಿದ ಭೂಮಿ. ಆ ಕಾಯ್ದಿರಿಸುವಿಕೆ ಇಂದು ಹೆಸರಿನಲ್ಲಿ ಮಾತ್ರ ಉಳಿದಿದೆ. ಅಲ್ಲಿನ ಮನೆಯೊಂದರಲ್ಲಿ ಅಟ್ಟವನ್ನು ತೆರವು ಮಾಡುವಾಗ ಹಿತ್ತಾಳೆಯ ತಪ್ಪಲೆಯೊಂದು ದೊರೆಯಿತೆಂದು ನಮ್ಮ ವಿದ್ಯಾರ್ಥಿಯೊಬ್ಬರು ನನ್ನನ್ನು ಕರೆದೊಯ್ದರು. ಒಳಗಿದ್ದುದು ಚಿನ್ನವಲ್ಲ, ಬೆಳ್ಳಿಯೂ ಅಲ್ಲ. ಕಾಲಾಣೆಯ ಕಾಸುಗಳು, ಐನೂರಕ್ಕೆ ಸ್ವಲ್ಪ ಕಡಮೆ. ರೂಪಾಯಿಗೆ 64ರಂತೆ ಎಣಿಸಿದರೆ ಎಂಟು ರೂಪಾಯಿಯೂ ತುಂಬದು. ಮನೆಯ ಹಿರಿಯರು ಹೇಳಿದ ಮಾತು ಇಷ್ಟೆ: "ನಮ್ಮತ್ತೆ ಯುದ್ಧದ ಕಾಲದಲ್ಲಿ ಕೂಡಿಟ್ಟದ್ದು. ಕಾಗದ ಇವತ್ತಿದ್ದರೆ ನಾಳೆ ಇಲ್ಲ, ತಾಮ್ರ ಎಲ್ಲಿಗೆ ಹೋಗುತ್ತೆ ಅನ್ನೋರು."

ಈ ಮಾತನ್ನು ನಗೆಯಿಂದ ತಳ್ಳಿಹಾಕುವಂತಿಲ್ಲ. ನಿಧಿಯೆಂದೊಡನೆ ನಮಗೆ ಅಮೂಲ್ಯ ಲೋಹಗಳೇ ನೆನಪಾಗುತ್ತವೆ. ಇದೇ ಕಾವಲಿನಿಂದ ಕೆಲವೇ ಮೈಲಿ ದೂರದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ದೆನಾರಿಯಸ್ ನಾಣ್ಯಗಳು ದೊರೆತವು. 1965ರಲ್ಲಿ ನಗರದ ಪೂರ್ವಭಾಗದ ಎಚ್.ಎ.ಎಲ್. ಪ್ರದೇಶದಲ್ಲಿಯೂ ಅಂತಹವೇ ಸಿಕ್ಕವು. ನೆಲದಲ್ಲಿ ಹುಗಿದದ್ದು ಬೆಳ್ಳಿ. ತಾಮ್ರವಾದರೋ ಕೈಯಿಂದ ಕೈಗೆ ಓಡಾಡುವ ಲೋಹ. ನಮ್ಮ ನುಡಿಯೂ ಈ ಭೇದವನ್ನು ಬಲ್ಲದು. 'ಹಣ' ಎಂಬುದು ಮೊದಲು ಚಿನ್ನದ ಪುಟ್ಟ ನಾಣ್ಯ, 'ದುಡ್ಡು' ತಾಮ್ರದ ನಾಣ್ಯ. ಇಂದು ಎರಡೂ ಪದಗಳು ಸಂಪತ್ತಿಗೆ ಸಲ್ಲುತ್ತವೆ. ಆದರೂ ಸಂತೆಯಲ್ಲಿ ಹೆಚ್ಚಾಗಿ ಕೇಳಿಬರುವುದು ದುಡ್ಡೇ. ಟಿಪ್ಪುವಿನ ಆನೆಯ ಮುದ್ರೆಯ 'ಜೊಹ್ರಾ', ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಮಯಿಲಿ ಕಾಸು' ಇವೆಲ್ಲ ಅಂತಹ ಓಡಾಟದ ನಾಣ್ಯಗಳೇ. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ ಮುಚ್ಚಿದ ಬಳಿಕ ಇಲ್ಲಿನ ಜನರ ಕೈಗೆ ಬಂದದ್ದು ಬ್ರಿಟಿಷ್ ಇಂಡಿಯಾದ ನಾಣ್ಯ.

ಹಾಗಾದರೆ ಓಡಾಡಬೇಕಾದ ಕಾಸು ಅಟ್ಟವನ್ನೇರಿದುದೇಕೆ? ಎರಡನೆಯ ಮಹಾಯುದ್ಧದ ಆರಂಭದಲ್ಲಿ ಜನರು ಮೊದಲು ಹಿಡಿದಿಟ್ಟದ್ದು ಬೆಳ್ಳಿಯ ರೂಪಾಯಿಯನ್ನು. 1940ರಲ್ಲಿ ಸರ್ಕಾರ ಒಂದು ರೂಪಾಯಿಯ ನೋಟನ್ನು ಹೊರತಂದಿತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿಯನ್ನು ಅರ್ಧ ಬೆಳ್ಳಿಗೆ ಇಳಿಸಿತು. ತನ್ನ ಅಗತ್ಯಕ್ಕೆ ಮೀರಿ ನಾಣ್ಯ ಸಂಗ್ರಹಿಸುವುದನ್ನು ಭಾರತ ರಕ್ಷಣಾ ನಿಯಮಗಳ ಮೇರೆಗೆ ಅಪರಾಧವೆಂದು ಸಾರಿತು. (ಎಂಟು ರೂಪಾಯಿಯ ಕಾಸನ್ನು ಯಾರೂ ಅಪರಾಧವೆಂದು ಎಣಿಸಲಾರರು.) ಮುಂದೆ ಹಳೆಯ ಬೆಳ್ಳಿ ರೂಪಾಯಿಗಳನ್ನು ಹಂತಹಂತವಾಗಿ ಚಲಾವಣೆಯಿಂದ ಹಿಂದೆಗೆಯಲಾಯಿತು. ಬೆಳ್ಳಿ ಹೀಗೆ ಮರೆಯಾದ ಮೇಲೆ ಸರದಿ ತಾಮ್ರದ್ದಾಯಿತು. ಮದ್ದುಗುಂಡಿಗೆ ಬೇಕಾದ ಲೋಹವದು, ಬೆಲೆಗಳು ಏರುತ್ತಿದ್ದವು, ಚಿಲ್ಲರೆ ದುರ್ಲಭವಾಯಿತು. ಸರ್ಕಾರದ ಉತ್ತರವನ್ನು 1943ರ ಕಾಸಿನಲ್ಲಿಯೇ ಕಾಣಬಹುದು. 1906ರ ಕಾಯಿದೆಯಿಂದ 75 ಗ್ರೈನ್, ಎಂದರೆ 4.86 ಗ್ರಾಂ ತೂಗುತ್ತಿದ್ದ ಕಂಚಿನ ಕಾಲಾಣೆಯು ನಡುವೆ ತೂತು ಕೊರೆಸಿಕೊಂಡು ಸುಮಾರು 2 ಗ್ರಾಂಗೆ ಇಳಿಯಿತು. ಮುಖಬೆಲೆ ಅದೇ, ಲೋಹ ಅರ್ಧಕ್ಕೂ ಕಡಮೆ.

ಈಗ ತಪ್ಪಲೆಯ ಕಡೆಗೆ ಮರಳೋಣ. ಅದರಲ್ಲಿ ವಿಕ್ಟೋರಿಯಾ ರಾಣಿಯ ದಪ್ಪ ತಾಮ್ರದ ಕಾಸುಗಳು ಕೆಲವೇ ಇವೆ. ಬಹುಪಾಲು ಐದನೆಯ ಜಾರ್ಜನವು. ಕೊನೆಯವು 1942ರ ಮುದ್ರೆಯವು. ತೂತಿನ ಕಾಸು ಒಂದೂ ಇಲ್ಲ. ಇದಕ್ಕೆ ಎರಡು ಅರ್ಥಗಳನ್ನು ಹೇಳಬಹುದು: ಆಕೆ 1943ರ ಹೊತ್ತಿಗೆ ಕೂಡಿಡುವುದನ್ನು ನಿಲ್ಲಿಸಿರಬೇಕು, ಇಲ್ಲವೆ ಹಗುರ ಕಾಸನ್ನು ಖರ್ಚಿಗೆ ಬಿಟ್ಟು ತೂಕದ ಕಾಸನ್ನು ಆರಿಸಿ ಇಟ್ಟಿರಬೇಕು. ನಾನು ಮೊದಲು ಎರಡನೆಯದನ್ನು ನಂಬಿದ್ದೆ, ಅದು ಗ್ರೆಷಮ್ಮನ ನಿಯಮಕ್ಕೆ ಚೆನ್ನಾಗಿ ಒಪ್ಪುತ್ತದೆಂಬ ಕಾರಣಕ್ಕೆ. ಆದರೆ 1942ರ ಕಾಸುಗಳು ಸ್ವಲ್ಪವೂ ಸವೆದಿಲ್ಲ. ಟಂಕಸಾಲೆಯಿಂದ ಬಂದು ಬಹುಕಾಲ ಕಳೆಯುವ ಮೊದಲೇ ಅವು ತಪ್ಪಲೆ ಸೇರಿವೆ. ಅದನ್ನು ಕಂಡ ಮೇಲೆ ಮೊದಲನೆಯ ಅರ್ಥದ ಕಡೆಗೆ ವಾಲಿದ್ದೇನೆ.

ಆಕೆಯ ಲೆಕ್ಕ ಸರಿಯೇ? ಹಳೆಯ ರೂಪಾಯಿಯಲ್ಲಿ 165 ಗ್ರೈನ್, ಎಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿಯಿತ್ತು. ಒಂದು ರೂಪಾಯಿಯ 64 ಕಾಸುಗಳ ತೂಕ 311 ಗ್ರಾಂ. ಅದರಲ್ಲಿ ನೂರಕ್ಕೆ 95 ಪಾಲು ತಾಮ್ರ. ತಾಮ್ರದ ತೂಕ ಬೆಳ್ಳಿಯದಕ್ಕೆ ಸುಮಾರು 28 ಪಟ್ಟು. ಆದುದರಿಂದ ಬೆಳ್ಳಿಯ ಬೆಲೆ ತಾಮ್ರದ 28 ಪಟ್ಟಿಗೆ ಕಡಮೆಯಾದಾಗ ಮಾತ್ರ ಕಾಸು ಕೂಡಿಟ್ಟವರಿಗೆ ಮೇಲುಗೈ. ಈಚಿನ ವರ್ಷಗಳಲ್ಲಿ ಆ ಪ್ರಮಾಣ ಎಂಬತ್ತನ್ನೂ ಮೀರಿದೆ. ಬೆಳ್ಳಿ ಮೂರು ಪಟ್ಟಿನಷ್ಟು ಗೆದ್ದಿದೆ. ಜಾಗದಲ್ಲಿಯೂ ಗೆದ್ದಿದೆ, ಏಕೆಂದರೆ ನೂರು ರೂಪಾಯಿಯ ಕಾಸು 31 ಕಿಲೋಗ್ರಾಂ ತೂಗುತ್ತದೆ.

ಆದರೆ ಆಕೆಯ ಮುಂದಿದ್ದ ಆಯ್ಕೆ ಬೆಳ್ಳಿ ತಾಮ್ರಗಳ ನಡುವಣದಲ್ಲ ಎಂಬುದನ್ನು ಗಮನಿಸಬೇಕು. ಒಳ್ಳೆಯ ಬೆಳ್ಳಿ ಆ ವೇಳೆಗೆ ಪೇಟೆಯಿಂದ ಮಾಯವಾಗಿತ್ತು. ಕೂಲಿಯ ಚಿಲ್ಲರೆಯಲ್ಲಿ ಬದುಕುವ ಮನೆಗೆ ಉಳಿದದ್ದು ಕಾಗದ ಅಥವಾ ಕಾಸು. ಕಾಗದದ ಎಂಟು ರೂಪಾಯಿ ಬೆಲೆಯೇರಿಕೆಯಲ್ಲಿ ಕರಗಿಹೋಗುತ್ತಿತ್ತು. ಈ ಎರಡೂವರೆ ಕಿಲೋಗ್ರಾಂ ಹತ್ತಿರದ ಕಂಚು ಗುಜರಿಯ ಬೆಲೆಗೇ ಸಾವಿರ ರೂಪಾಯಿಯನ್ನು ದಾಟುತ್ತದೆ. ಇದಕ್ಕೆ ಇನ್ನೊಂದು ಮುಖವೂ ಉಂಟು. ಒಂದು ಮನೆಯ ಭದ್ರತೆ ನೆರೆಮನೆಯ ಚಿಲ್ಲರೆಯ ಅಭಾವ. ತರಕಾರಿಯವಳು ಬಾಕಿ ಕೊಡಲಾರದೆ ನಿಂತದ್ದು ಇಂತಹ ಸಾವಿರಾರು ತಪ್ಪಲೆಗಳಿಂದಲೇ.

ಈ ಕಥೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ 1982ರಲ್ಲಿ ಪೆನ್ನಿಯ ತಾಮ್ರಕ್ಕೆ ಬದಲು ಸತುವನ್ನು ಬಳಸತೊಡಗಿದ ಮೇಲೆ ಹಳೆಯ ಪೆನ್ನಿಗಳನ್ನು ಆರಿಸಿ ಕೂಡಿಡುವವರು ಹುಟ್ಟಿಕೊಂಡರು. 2006ರಲ್ಲಿ ಅವುಗಳನ್ನು ಕರಗಿಸುವುದನ್ನು ಅಲ್ಲಿನ ಸರ್ಕಾರ ನಿಷೇಧಿಸಿತು. ನಮ್ಮಲ್ಲಿಯೂ 1957ರ ಕಂಚಿನ ನಯಾ ಪೈಸೆ ಏಳೆಂಟು ವರ್ಷಗಳಲ್ಲಿ ಅಲ್ಯೂಮಿನಿಯಂ ಆಯಿತು, 1971ರಲ್ಲಿ ಸಣ್ಣ ನಾಣ್ಯ ಕರಗಿಸುವುದರ ವಿರುದ್ಧ ಕಾಯಿದೆ ಬಂದಿತು.

ರೋಮನ್ ನಾಣ್ಯ ದೊರೆತರೆ ವಸ್ತುಸಂಗ್ರಹಾಲಯಕ್ಕೆ ಸುದ್ದಿ ಹೋಗುತ್ತದೆ. ಕಾಲಾಣೆಯ ತಪ್ಪಲೆ ನೇರವಾಗಿ ಗುಜರಿ ಅಂಗಡಿಗೆ ಹೋಗುತ್ತದೆ. ಬಡವರ ಉಳಿತಾಯದ ಬಗೆಗೆ ಕಡತಗಳಲ್ಲಿ ದೊರೆಯದ ಸಾಕ್ಷ್ಯ ಅದರೊಡನೆ ಕರಗುತ್ತದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರುಗಳಲ್ಲಿ ಇಂತಹವನ್ನು ಕಂಡರೆ ತೊಳೆಯದೆ, ಬೇರ್ಪಡಿಸದೆ, ಪ್ರತಿಯೊಂದು ಕಾಸಿನ ವರ್ಷ, ತೂಕ, ಸವೆತಗಳನ್ನು ಬರೆದಿಟ್ಟುಕೊಂಡು ಮನೆಯವರಿಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಶ್ರೀಗಂಧದ ಕಾವಲಿನ ತಪ್ಪಲೆಯ ಪಟ್ಟಿ ಸಿದ್ಧವಾಗಿದೆ. ತಪ್ಪಲೆ ಮತ್ತೆ ಅಟ್ಟದ ಮೇಲಿದೆ.